ಗಿರಣಿ ಅಜ್ಜನವರು ಹುರಮಂಜು ಮುಟ್ಟದ ಭಾನುವಾರ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಎಸ್ತೇರಬಾಯಿ ಹಂಚಿನಮನಿಯವರು. ನಮ್ಮ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಚರ್ಮರೋಗದ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿ ದುಡಿದವರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಪವಾಡ ಎಂಬ ಮಾತು ಕಿವಿಗೆ ಬಿದ್ದರೆ ಹುಬ್ಬೇರಿಸುವವರು. ತಲೆಗೂದಲಿಗೆ ಬಣ್ಣ ಹಚ್ಚಿಕೊಳ್ಳಲು ಹೋಗಿ ಹಣೆಯೆಲ್ಲ ಬಾತುಕೊಂಡು, ಅದರ ಮೇಲೆ ಗಂಧ ತೇಯ್ದು ಬಳಿದುಕೊಂಡು ನಾನು ಅವರ ಬಾಗಿಲಿಗೆ ಹೋಗಿ ನಿಂತೆ. ಒದ್ದೆ ಬಟ್ಟೆಯಿಂದ ಆ ಗಂಧವನ್ನು ಒರೆಸುತ್ತ ಅವರು ಹೇಳಿದರು: "ಓದಿದವರೂ ಬಿಡೂದಿಲ್ಲ ನೋಡ್ರಿ. ಮೊದಲ ಏನರ ಒಂದು ಬಳಿಯೂದು, ಆಮ್ಯಾಲ ದವಾಖಾನಿ. ಕೂಡ್ರಿ, ನಿಮಗ ಅಜ್ಜಾರದ ಒಂದು ಮಾತು ಹೇಳ್ತೀನಿ."

ಅವರು ಹೇಳಿದ ಅಜ್ಜನವರ ಹೆಸರು ಪೂಜ್ಯ ಶ್ರೀ ಅಡವಯ್ಯನವರು. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಪಟ್ಟಣಕ್ಕೆ ಆರು ಮೈಲಿ ದೂರದಲ್ಲಿ, ಎರೆಹೊಲಗಳ ನಡುವೆ, ಮುಚ್ಚಿಹೋದ ಒಂದು ಹತ್ತಿ ಗಿರಣಿಯಿತ್ತು. ಅಲ್ಲಿಯೇ ಅವರ ವಾಸ. ಒಂದು ಕಂಬಳಿ, ಒಂದು ತಂಬಿಗೆ, ಗೋಡೆಗೆ ಹೊಡೆದ ಮೊಳೆಯಲ್ಲಿ ಒಂದು ಜೋಳಿಗೆ. ಭಕ್ತರು ಅವರನ್ನು ಗಿರಣಿ ಅಜ್ಜನವರೆಂದೇ ಕರೆಯುತ್ತಿದ್ದರು. ಗಿರಣಿ ನಿಂತು ಹದಿನಾಲ್ಕು ವರ್ಷವಾಗಿದ್ದರೂ ತೊಲೆಗಳಿಂದ ಹತ್ತಿಯ ಎಳೆಗಳು ಜೋತಾಡುತ್ತಿದ್ದವು. ಗಾಳಿಯಿಲ್ಲದ ಹೊತ್ತಿನಲ್ಲಿಯೂ ಅವೆಲ್ಲ ಒಂದೇ ಕಡೆಗೆ ವಾಲಿರುತ್ತಿದ್ದವಂತೆ. ಅಜ್ಜನವರು ಕುಳಿತ ಕಡೆಗೆ ಎನ್ನುತ್ತಾರೆ ಭಕ್ತರು. ಬಾಗಿಲ ಕಡೆಗೆ ಎನ್ನುತ್ತಾರೆ ಎಸ್ತೇರಬಾಯಿ.

ಭಾನುವಾರ ಬಂತೆಂದರೆ ಅಲ್ಲಿ ಸರ್ಪಸುತ್ತು ಎದ್ದವರ ಸಾಲು, ಪಾಳೆ. ಸೊಂಟಕ್ಕೋ ಎದೆಗೋ ಹಣೆಗೋ ಒಂದೇ ಮಗ್ಗುಲಲ್ಲಿ ಗುಳ್ಳೆಗಳ ಪಟ್ಟಿ ಎದ್ದು ಬೆಂಕಿಯಂತೆ ಉರಿಯುವ ರೋಗವದು. ಅದು ಹಾವಿನ ಸುತ್ತು, ಹೆಡೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಮ್ಮ ಜನ ನಂಬುತ್ತಾರೆ. ಕೂಡುವ ಮೊದಲೇ ದಾರಿ ಕಟ್ಟಬೇಕು. ಅದಕ್ಕೆ ಹುರಮಂಜು, ಅಂದರೆ ಗೋಡೆಯಂಚಿಗೆ ಬಳಿಯುವ ಆ ಕೆಂಪು ಮಣ್ಣು. ಅಜ್ಜನವರು ಅದನ್ನು ಕಲ್ಲಿನ ಮೇಲೆ ತೇಯ್ದು, ಗರಿಕೆಯ ತುದಿಯಿಂದ ಗುಳ್ಳೆಗಳ ಸುತ್ತ ಗೆರೆ ಎಳೆದು, ಮೇಲೆ ಬಳಿದು ಕಳಿಸುವರು. ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಹಚ್ಚಿಸಿಕೊಂಡವರು ಎದ್ದು ಹೋಗುವಾಗ "ಬರ್ತೀನ್ರಿ" ಎನ್ನುವಂತಿಲ್ಲ. ಅಂದರೆ ರೋಗವೂ ಬರುತ್ತದೆ.

ಹೀಗೆ ಹಚ್ಚಿದ ಮಣ್ಣನ್ನು ಆಸ್ಪತ್ರೆಯಲ್ಲಿ ತೊಳೆಯುವ ಕೆಲಸ ಎಸ್ತೇರಬಾಯಿಯವರದು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಏಪ್ರಿಲ್ ತಿಂಗಳ ಒಂದು ವಾರದಲ್ಲಿ ಲಾರಿ ಡ್ರೈವರನೊಬ್ಬ ಬಂದ. ಹಣೆಯಿಂದ ರೆಪ್ಪೆಯವರೆಗೆ ಹುರಮಂಜು ಒಣಗಿ ಹೆಂಚಿನ ಚೂರಿನಂತಾಗಿತ್ತು. ಐದು ದಿನ ಅದರ ಕೆಳಗೆ ಕಣ್ಣು ಏನಾಗಿದೆಯೆಂದು ಯಾರೂ ನೋಡಿರಲಿಲ್ಲ. ಎಸ್ತೇರಬಾಯಿ ಮುಕ್ಕಾಲು ಗಂಟೆ ನೆನೆಸಿ ಬಿಡಿಸಿದರು. ಬ್ಯಾಟರಿ ಹಿಡಿದು ನೋಡಿದರೆ ಆ ಕಣ್ಣಿಗೆ ಬೆಳಕೇ ಕಾಣಲಿಲ್ಲ.

"ಯಾರು ಹಚ್ಚಿದ್ದು?" ಎಂದು ಕೇಳಿದರು.

"ಗಿರಣಿ ಅಜ್ಜಾರು. ಅವರದೇನ ತಪ್ಪಿಲ್ರಿ ಸಿಸ್ಟರ್, ನನ್ನ ಹಣೆಬರಾ," ಎಂದ ಅವನು.

ಆ ಕೊನೆಯ ಮಾತೇ ಅವರಿಗೆ ತಡೆಯಲಾರದಂತಾಯಿತು. ಮುಂದಿನ ಭಾನುವಾರ ಚರ್ಚ್ ಮುಗಿಸಿಕೊಂಡು, ಬಿಳಿ ಸೀರೆಯಲ್ಲೇ, ಬೈಬಲ್ಲಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಬಸ್ಸು ಹತ್ತಿದರು. ಗಿರಣಿ ಮುಟ್ಟಿದಾಗ ಹನ್ನೊಂದು ಗಂಟೆ.

ಇಪ್ಪತ್ತು ಇಪ್ಪತ್ತೈದು ಜನ ಪಾಳೆ ಹಚ್ಚಿದ್ದರು. ಆದರೆ ಪಾಳೆ ಸರಿಯುತ್ತಿರಲಿಲ್ಲ. ಅಜ್ಜನವರು ಗೋಡೆಗೆ ಬೆನ್ನು ಕೊಟ್ಟು, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಎದುರಿಗೆ ಕಲ್ಲಿನ ಮೇಲೆ ತೇಯ್ದ ಹುರಮಂಜು. ಅವರ ದೃಷ್ಟಿ ಬಾಗಿಲಲ್ಲಿತ್ತು. ಅಷ್ಟು ಜನರಿದ್ದೂ ಒಂದು ಕೂಸು ಕೂಡ ಅಳುತ್ತಿರಲಿಲ್ಲ.

"ಮುಂಜಾನಿಂದ ಹಿಂಗ ಕುಂತಾರ್ರಿ," ಎಂದು ಮುಂದೆ ನಿಂತಿದ್ದ ಹೆಂಗಸು ಪಿಸುಗುಟ್ಟಿದಳು. "ಮಣ್ಣು ತೇದು ಇಟ್ಟಾರ, ಮುಟ್ಟವಲ್ರು. ಕೇಳಾಕ ಅಂಜಿಕಿ ಬರ್ತೈತಿ."

ಎಸ್ತೇರಬಾಯಿ ಯಾರನ್ನೂ ಲೆಕ್ಕಿಸದೆ ಮುಂದೆ ನಡೆದರು. ಹಿಂದಿನಿಂದ ಒಬ್ಬ ಕೂಗಿದ: "ಏ ಬಾಯಾರ, ಪಾಳೆ ಐತ್ರಿ! ನಿಮಗೆಲ್ಲಿ ಎದ್ದೈತಿ ಸುತ್ತು?"

"ನನಗ ಸಿಟ್ಟು ಎದ್ದೈತೋ ತಮ್ಮಾ. ಅದಕ್ಕೂ ಪಾಳೆ ಹಚ್ಚಬೇಕೇನು?" ಎಂದು ಹೇಳಿ ಅಜ್ಜನವರ ಎದುರು ನಿಂತರು. "ಅಜ್ಜಾರ, ನಾ ದವಾಖಾನಿ ಸಿಸ್ಟರ್ ಇದ್ದೀನಿ. ನೀವು ಹಚ್ಚಿದ ಮಣ್ಣಿನ ಕೆಳಗ ಒಬ್ಬ ಡ್ರೈವರಂದು ಕಣ್ಣು ಹೋತು. ಎರಡು ದಿನ ಮೊದಲ ನಮ್ಮ ಕಡೆ ಬಂದಿದ್ರ ಉಳೀತಿತ್ತು. ಅಂವಗ ಎರಡು ಸಣ್ಣ ಮಕ್ಕಳದಾವ. ಇಷ್ಟ ಹೇಳಾಕ ಬಂದೆ."

ಪಾಳೆಯಲ್ಲಿ ಗುಸುಗುಸು ಎದ್ದಿತು. ಅಜ್ಜನವರು ಕೈ ಎತ್ತಿ ಅದನ್ನು ನಿಲ್ಲಿಸಿದರು.

"ಬಲಗಣ್ಣು," ಎಂದರು. ಅಂಗೈ ಮುಂದೆ ಚಾಚಿ, "ಖರೆ ಐತಿ ತಂಗಿ. ಈ ಕೈನ ಮಾಡಿದ್ದು."

ಹಚ್ಚಿದವರಿಗೆ ಯಾವ ಕಣ್ಣೆಂಬುದು ಗೊತ್ತಿರದೆ ಇರುತ್ತದೆಯೇ ಎಂದು ಎಸ್ತೇರಬಾಯಿ ಮನಸ್ಸಿನಲ್ಲೇ ಅಂದುಕೊಂಡರು. ಜಗಳಕ್ಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಉಳಿದುಹೋದವು. ಒಪ್ಪಿಕೊಂಡವರ ಜೊತೆ ಹೇಗೆ ಜಗಳವಾಡುವುದು?

"ಕೂಡ್ರು," ಎಂದರು ಅಜ್ಜನವರು. "ಒಬ್ಬಾಕಿ ಬರಾಕತ್ತಾಳ. ಆಕಿಗೆ ಹಚ್ಚಾಂವ ಬ್ಯಾಡ. ತೊಳಿಯಾಕಿ ಬೇಕು."

"ಯಾರು ಬರ್ತಾರ್ರಿ?" ಎಂದು ಕೇಳಿದ್ದಕ್ಕೆ ಅಜ್ಜನವರು ಬಾಗಿಲ ಕಡೆ ಗದ್ದ ಎತ್ತಿದರು. ಎಸ್ತೇರಬಾಯಿ ತಲೆಯೆತ್ತಿ ನೋಡಿದರು. ತೊಲೆಯ ಎಳೆಗಳೆಲ್ಲ ಬಾಗಿಲ ಕಡೆಗೆ ವಾಲಿದ್ದವು. ಹೊರಗೆ ಬಿಸಿಲು ಅಲುಗಾಡದೆ ನಿಂತಿತ್ತು. ಆಮೇಲೆ ದೂರದಲ್ಲಿ ಗಾಡಿಯ ಸದ್ದು ಕೇಳಿಸಿತು.

ಬಂದದ್ದು ಒಂದು ಬಾಡಿಗೆ ಟ್ರ್ಯಾಕ್ಸ್ ಜೀಪು. ಅದರಿಂದ ಫಕೀರಪ್ಪನೆಂಬ ತರುಣನೂ ಅವನ ತಾಯಿ ಬಸಲಿಂಗವ್ವನೂ ಇಳಿದರು. ಗಾಡಿಯ ಡ್ರೈವರನ ಕೈಯನ್ನೂ ಕೂಡಿಸಿಕೊಂಡು ಬೇವಿನ ಸೊಪ್ಪು ಹಾಸಿದ ಕೌದಿಯೊಂದನ್ನು ನಾಲ್ಕೂ ತುದಿ ಹಿಡಿದು ಒಳಗೆ ತಂದು ನೆಲಕ್ಕಿಟ್ಟರು. ಅದರಲ್ಲಿ ಮಲಗಿದ್ದವಳು ಫಕೀರಪ್ಪನ ಹೆಂಡತಿ ಹೂವಕ್ಕ. ಇಪ್ಪತ್ತೆರಡು ವರ್ಷದವಳು. ಅಡಿಯಿಂದ ಮುಡಿಯವರೆಗೆ ಹುರಮಂಜು. ಹಣೆ, ಗಲ್ಲ, ಕೊರಳು, ತೋಳು, ಅಂಗಾಲು ಎಲ್ಲವೂ ಒಂದೇ ಕೆಂಪು. ಮಣ್ಣಿನ ಗೊಂಬೆಗೆ ಕಣ್ಣು ಬರೆಯಲು ಕುಳಿತವರು ಅರ್ಧಕ್ಕೇ ಎದ್ದು ಹೋದಂತೆ ಎರಡು ಗೆರೆ ಮಾತ್ರ ತೆರೆದಿದ್ದವು. ಮಣ್ಣು ಒಣಗಿ ಬಿರಿದಿತ್ತು. ಅವಳು ಉಸಿರಾಡಿದಾಗಲೆಲ್ಲ ಆ ಬಿರುಕುಗಳು ಬಾಯ್ತೆರೆದು ಮುಚ್ಚುತ್ತಿದ್ದವು.

ಪಾಳೆ ತಾನಾಗಿ ಹಿಂದೆ ಸರಿಯಿತು.

ಬಸಲಿಂಗವ್ವ ಅಜ್ಜನವರ ಕಾಲಿಗೆ ಬಿದ್ದಳು. "ಆರ ದಿನಾತ್ರಿ ಯಪ್ಪಾ. ಮೊದಲ ಜ್ವರಾ ಬಂತು, ಕಣ್ಣು ಕೆಂಪಾದುವು. ಆಮ್ಯಾಲ ಮೈಮ್ಯಾಲ ಎದ್ದುವು. ಅವ್ವ ಬಂದಾಳಂತ ಬೇವು ಹಾಸಿದಿವಿ. ಮೂರ ದಿನಕ್ಕ ಇಳಿಯಾಕಿ ಇಳೀಲಿಲ್ಲ. ಗುಳ್ಳಿ ಒಂದಕ್ಕೊಂದು ಕೂಡಿದುವು. ಅವ್ವನೋ ಸರ್ಪನೋ ತಿಳೀಲಿಲ್ರಿ. ನಿಮ್ಮ ಹೆಸರು ಹೇಳಿ ಹುರಮಂಜು ಬಳದಿವಿ. ಮೈತುಂಬ ಇದ್ದುವು, ಮೈತುಂಬ ಬಳದಿವಿ."

"ಎರಡೂ ಮಾಡಿದ್ದು ಚಲೋ ಆತು ಬಿಡವಾ," ಎಂದು ಪಾಳೆಯಲ್ಲಿದ್ದ ಮುದುಕನೊಬ್ಬ ತಲೆದೂಗಿದ. ಸಿಡುಬಿಗೂ ದಡಾರಕ್ಕೂ ನಮ್ಮ ಜನ ರೋಗದ ಹೆಸರು ಹೇಳುವುದಿಲ್ಲ, ಅವ್ವ ಬಂದಾಳ ಎನ್ನುತ್ತಾರೆ. ದೇವಿ ಮೈಮೇಲೆ ಬಂದು ಕುಳಿತಿರುವಾಗ ಔಷಧ ಕೊಡುವುದೆಂದರೆ ಮನೆಗೆ ಬಂದ ತಾಯಿಯನ್ನು ಹೊರಗೆ ಹಾಕಿದಂತೆ.

ಎಸ್ತೇರಬಾಯಿ ಮೊಣಕಾಲೂರಿ ಕುಳಿತರು. ತಂಬಿಗೆಯ ನೀರಲ್ಲಿ ತಮ್ಮ ಸೆರಗಿನ ತುದಿ ನೆನೆಸಿ, ಹೂವಕ್ಕನ ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಜಾಗವನ್ನು ಮೆತ್ತಗೆ ಒರೆಸಿದರು. ಮಣ್ಣು ಬಂತು. ಮಣ್ಣಿನೊಡನೆ ಚರ್ಮವೂ ಬಂತು, ಕಾಯಿಸಿದ ಹಾಲಿನ ಮೇಲಿನ ಕೆನೆ ಸರಿದಂತೆ. ಅವರು ಕೈ ತೆಗೆದರು. ಇಂಥದನ್ನು ಅವರು ಅಲ್ಲಿಯವರೆಗೆ ಎರಡೇ ಸಲ ನೋಡಿದ್ದರು. ಇಬ್ಬರೂ ಉಳಿದಿರಲಿಲ್ಲ.

"ಬಾಯಿ ತಗಿಯವಾ," ಎಂದರು. ತುಟಿಯ ಒಳಗೆಲ್ಲ ಹುಣ್ಣು. "ಏನರ ಗುಳಿಗಿ ನುಂಗ್ತಾಳೇನು?"

"ಫಿಟ್ಸಿಂದು," ಎಂದ ಫಕೀರಪ್ಪ. "ಇಪ್ಪತ್ತು ದಿನಾತು ಸುರು ಮಾಡಿ. ಅದೊಂದು ಬಿಡಿಸಿಲ್ರಿ, ಬಿಟ್ರ ಫಿಟ್ಸ್ ಬರ್ತಾವಂದಾರ."

"ಇದು ಅವ್ವ ಅಲ್ಲ, ಸರ್ಪನೂ ಅಲ್ಲ. ಯಾವದೋ ಗುಳಿಗಿ ಮೈಗೆ ಆಗಿ ಬಂದಿಲ್ಲ. ಮೈ ಸುಲೀಲಿಕ್ಕತ್ತೈತಿ. ಆ ಗುಳಿಗಿ ಚೀಟಿ ಸಮೇತ ಈಗಿಂದೀಗ ದವಾಖಾನಿಗೆ ಹೊಂಡ್ರಿ. ಒಂದೊಂದು ತಾಸೂ ಬದುಕೈತಿ."

ಬಸಲಿಂಗವ್ವ ಕೌದಿಗೆ ಅಡ್ಡ ಕುಳಿತಳು. "ದವಾಖಾನಿ ಒಲ್ಲೆ. ಅವ್ವ ಇರೂಮಟ ಸೂಜಿ ಮುಟ್ಟಿಸಬಾರದು. ನನ್ನ ಹಿರೇ ಮಗಳಿಗೆ ಹಿಂಗ ಅವ್ವ ಬಂದಾಗ ಮಂದಿ ಮಾತು ಕೇಳಿ ಸೂಜಿ ಮಾಡಿಸಿದೆ. ಸಂಜೀಮುಂದ ಮಣ್ಣು ಮಾಡಿ ಬಂದ್ವಿ. ಈಕಿನ್ನೂ ಕಳಕೊಳ್ಳಲೇನು?"

"ಯವ್ವಾ, ಆ ಬಾಯಾರು ಹೇಳೂದು..."

"ನೀ ಸುಮ್ಮನಿರೋ! ಆಕಿ ಕಿರಸ್ತಾನದಾಕಿ, ಆಕಿಗೇನ ಗೊತ್ತು ಅವ್ವ?"

ಪಾಳೆ ಬಸಲಿಂಗವ್ವನ ಕಡೆಗೇ ಇತ್ತು. ಎಸ್ತೇರಬಾಯಿ ಬೇಡಿಕೊಂಡರು, ಗದರಿಸಿದರು, ಕೈ ಮುಗಿದರು. ಯಾವುದೂ ಫಲಿಸಲಿಲ್ಲ. ನಡುವೆ ಆ ಕೆಂಪು ಮೈ ಒಂದೊಂದೇ ಉಸಿರನ್ನು ಹೆಕ್ಕಿ ಎಳೆದುಕೊಳ್ಳುತ್ತಿತ್ತು.

ಆಗ ಅಜ್ಜನವರು ಎದ್ದರು. ಕುಳಿತ ಜಾಗದಿಂದ ಸಂಜೆಯವರೆಗೆ ಏಳದವರು ಎದ್ದದ್ದನ್ನು ಕಂಡು ಪಾಳೆಯಲ್ಲಿ ಕುಳಿತಿದ್ದವರೂ ಎದ್ದು ನಿಂತರು. ಅವರು ಹೂವಕ್ಕನನ್ನು ನೋಡಲಿಲ್ಲ. ಬಾಗಿಲಿಗೆ ಹೋಗಿ, ಪಟ್ಟಣದ ದಾರಿಗೆ ಮುಖ ಮಾಡಿ, ಎದುರಿಗೆ ಯಾರೋ ಹಾದುಹೋಗುತ್ತಿರುವವರಿಗೆ ಮುಗಿಯುವಂತೆ ಕೈ ಮುಗಿದರು.

"ಅವ್ವ ಈ ಮೈಯಾಗ ಇಲ್ಲ," ಎಂದರು. "ಆಕಿ ಮುಂಜಾನೆನ ದವಾಖಾನಿಗೆ ಹೋಗಿ ನಿಂತಾಳ. ನಿಮ್ಮ ಹಾದಿ ನೋಡಾಕತ್ತಾಳ."

ಬಸಲಿಂಗವ್ವ ಕೌದಿಯ ಪಕ್ಕಕ್ಕೆ ಸರಿದಳು. "ಖರೇನ್ರಿ ಯಪ್ಪಾ?"

"ಹೋಗ್ರಿ."

ಅಷ್ಟು ಹೇಳಿ ತೇಯ್ದಿಟ್ಟ ಹುರಮಂಜಿನ ಕಲ್ಲನ್ನು ಎತ್ತಿ ಹೊರಗೆ ಬೋರಲು ಹಾಕಿದರು. ತೊಲೆಯ ಎಳೆಗಳೆಲ್ಲ ಒಮ್ಮೆಗೇ ನೆಟ್ಟಗೆ ಇಳಿಬಿದ್ದದ್ದನ್ನು ಎಸ್ತೇರಬಾಯಿ ತಮ್ಮ ಕಣ್ಣಾರೆ ಕಂಡರು. ಮುದುಕರು ಚಲೋ ಸುಳ್ಳು ಹೇಳಿದರು, ಕೆಲಸಕ್ಕೆ ಬರುವ ಸುಳ್ಳು ಎಂದುಕೊಂಡು ಟ್ರ್ಯಾಕ್ಸ್ ಹತ್ತಿದರು.

ಭಾನುವಾರ ಮಧ್ಯಾಹ್ನದ ಆಸ್ಪತ್ರೆಯನ್ನು ನೀವು ನೋಡಿರಬಹುದು. ಉದ್ದನೆಯ ಪಡಸಾಲೆ, ಫಿನಾಯಿಲ್ ವಾಸನೆ, ನರಪಿಳ್ಳೆಯಿಲ್ಲ. ಡಾಕ್ಟರನ್ನು ಎಲ್ಲಿ ಹುಡುಕಲಿ, ಮೂಲೆಯ ಕೋಣೆಯ ಬೀಗದ ಕೈ ಯಾರಲ್ಲಿದೆ ಎಂದು ಯೋಚಿಸುತ್ತ ಎಸ್ತೇರಬಾಯಿ ಸ್ಟ್ರೆಚರಿನ ಮುಂದೆ ಓಡಿದರು. ಎದುರಿಗೆ ವಾರ್ಡಿನ ಆಯಾ ಖೈರಾಬಿ ಒದ್ದೆ ಕೈಯಲ್ಲೇ ಬಂದಳು.

"ಬಂದ್ರೇನ್ರಿ ಸಿಸ್ಟರ್? ಎಷ್ಟೊತ್ತು ಮಾಡಿದ್ರಿ! ಎಲ್ಲಾ ತಯಾರ ಐತಿ."

"ಏನು ತಯಾರ ಐತಿ?"

ಮೂಲೆಯ ಕೋಣೆ ತೆರೆದಿತ್ತು. ಮಂಚದ ಮೇಲೆ ಬಾಳೆಯೆಲೆ ಹಾಸಿತ್ತು. ದಂಟು ತೆಗೆದು, ಬಿಸಿನೀರಲ್ಲಿ ಅದ್ದಿ, ಒರೆಸಿ, ಒಂದರ ಅಂಚಿಗೆ ಒಂದು ಕೂಡಿಸಿ ಹಾಸಿದ ಎಲೆಗಳು. ಮೈ ಸುಲಿದವರಿಗೆ ಬಟ್ಟೆ ಹಾಸಿದರೆ ಅಂಟುತ್ತದೆ, ಬಾಳೆಯೆಲೆ ಅಂಟುವುದಿಲ್ಲ. ವಾರ್ಡಿನ ಹಳಬರಿಗೆ ಮಾತ್ರ ತಿಳಿದ ಪದ್ಧತಿ ಅದು. ಮಂಚದ ಪಕ್ಕದಲ್ಲಿ ಸಲೈನ್ ತೂಗುಹಾಕಿಕೊಂಡು ಎಳೆಯ ಡಾಕ್ಟರರು ನಿಂತಿದ್ದರು.

"ನೀವೇ ಹೇಳಿ ಕಳಿಸಿದ್ರಂತಲ್ಲ ಸಿಸ್ಟರ್," ಎಂದರು ಅವರು.

ಖೈರಾಬಿ ಹೇಳಿದಳು: "ಮುಂಜಾನಿ ಎಂಟಕ್ಕ ಒಬ್ಬ ಮುದುಕಿ ಬಂದಿದ್ಳಲ್ರಿ. ಕೆಂಪು ಇಳಕಲ್ ಸೀರಿ, ಹಣಿತುಂಬ ಭಂಡಾರ. 'ಎಸ್ತೇರ ಹೇಳ್ಯಾಳ, ಮೈ ಸುಲಿದಾಕಿ ಬರ್ತಾಳ, ಬಾಳಿ ಎಲಿ ಹಾಸು, ಡಾಕ್ಟರನ್ನ ಕರಿ' ಅಂದ್ಳು. ಎಲಿ ಹ್ಯಾಂಗ ಒರಸಬೇಕಂತ ನಿಂತು ಹೇಳಿಕೊಟ್ಳು."

ಎಂಟು ಗಂಟೆಗೆ ಎಸ್ತೇರಬಾಯಿ ಚರ್ಚಿನ ಎರಡನೇ ಬೆಂಚಿನಲ್ಲಿ ಹಾಡುತ್ತಿದ್ದರು. ಹೂವಕ್ಕನ ಹೆಸರನ್ನೂ ಕೇಳಿರಲಿಲ್ಲ.

"ಎಲ್ಲಿ ಆಕಿ?"

"ಇಲ್ಲೇ ಗ್ವಾಡಿಗೆ ನಿಂತಿದ್ಳಲ್ರಿ," ಎಂದು ಖೈರಾಬಿ ತಿರುಗಿ ನೋಡಿದಳು. ಗೋಡೆ ಬರಿದಾಗಿತ್ತು.

ವಿಚಾರಿಸಲು ಹೊತ್ತಿರಲಿಲ್ಲ. ಡಾಕ್ಟರರು ಆ ಗುಳಿಗೆಯನ್ನು ನಿಲ್ಲಿಸಿ ಫಿಟ್ಸಿಗೆ ಬೇರೆಯದನ್ನು ಕೊಟ್ಟರು. ಎಸ್ತೇರಬಾಯಿ ಬೆಚ್ಚನೆಯ ಸಲೈನಿನಲ್ಲಿ ಅರಿವೆ ಅದ್ದಿ ಅದ್ದಿ ಮಣ್ಣನ್ನು ನೆನೆಸಿ ಬಿಡಿಸಿದರು. ನಾಲ್ಕು ತಾಸು ಹಿಡಿಯಿತು. ಸಂಜೆಯ ಹೊತ್ತಿಗೆ ಮಣ್ಣೆಲ್ಲ ಹೋಗಿ, ಹಸಿ ಗಾಯದಂಥ ಒಂದು ಮನುಷ್ಯ ಜೀವ ಎಲೆಗಳ ಮೇಲೆ ಮಲಗಿತ್ತು. ರೆಪ್ಪೆಗಳು ಊದಿ ಅಂಟಿಕೊಂಡು ಕಣ್ಣು ಪೂರ್ತಿ ಮುಚ್ಚಿದ್ದವು.

ಎರಡನೆಯ ದಿನ ಮಧ್ಯಾಹ್ನ. ಕೋಣೆಯಲ್ಲಿದ್ದದ್ದು ಎಸ್ತೇರಬಾಯಿ ಒಬ್ಬರೇ. ನಂಜು ಏರಬಾರದೆಂದು ವಾರ್ಡಿನವರಲ್ಲದೆ ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮನೆಯವರು ಹೊರಗೆ ಪಡಸಾಲೆಯಲ್ಲಿದ್ದರು. ಹೂವಕ್ಕನ ಹುಣ್ಣಾದ ತುಟಿಗಳು ಅಲುಗಿದವು.

"ಸಿಸ್ಟರ್... ಆ ಮುದುಕಿಗೆ ಒಂದು ಕುರ್ಚಿ ಕೊಡ್ರಿ. ನಿನ್ನಿಂದ ನಿಂತಾಳ."

ಜ್ವರದ ಮಾತು. ಜ್ವರ ನೆತ್ತಿಗೇರಿದವರು ಇಂಥ ನೂರು ಮಾತಾಡುತ್ತಾರೆ. ಆದರೂ ಎಸ್ತೇರಬಾಯಿ ಹೋಗಿ ಕಬ್ಬಿಣದ ಕುರ್ಚಿಯೊಂದನ್ನು ತಂದು ಗೋಡೆಯ ಪಕ್ಕಕ್ಕಿಟ್ಟರು. ಯಾಕೆ ತಂದಿರಿ ಎಂದು ನಾನು ಕೇಳಿದೆ. "ಕೊಡದ ಇರಾಕ ಆಗಲಿಲ್ರಿ. ಗ್ವಾಡಿ ಕಡೆ ಯಾರೋ ನಿಂತು ನಿಂತು ಸಾಕಾಗಿ ಕಾಲು ಬದಲಿಸಿದಂಗ ಆತು," ಎಂದರು.

ಅಂದಿನಿಂದ ಖೈರಾಬಿ ಆ ಕುರ್ಚಿಯ ಸುತ್ತ ನೆಲ ಒರೆಸುತ್ತಿದ್ದಳು, ಕೆಳಗೆ ಒರೆಸುತ್ತಿರಲಿಲ್ಲ. ಮೂರನೆಯ ದಿನ ಡಾಕ್ಟರರು ಕಾಗದ ಬರೆಯಲೆಂದು ಅದರತ್ತ ಬೆನ್ನು ತಿರುಗಿಸಿದಾಗ, ಕಣ್ಣು ಮುಚ್ಚಿ ಮಲಗಿದ್ದ ಹೂವಕ್ಕ "ಸಾಹೇಬ್ರ, ಅಲ್ಲಿ ಕೂಡ್ರಬ್ಯಾಡ್ರಿ," ಎಂದಳು. ಅವರು ಬಗ್ಗಿದವರು ಹಾಗೇ ನೆಟ್ಟಗಾದರು. ಆಮೇಲಿನ ದಿನಗಳಲ್ಲಿ ನಿಂತೇ ಬರೆಯುತ್ತಿದ್ದರು. ದಿನವಿಡೀ ಕೂತು ಕೂತು ಬೆನ್ನು ಹಿಡಿದಿದೆ, ನಿಲ್ಲುವುದು ಒಳ್ಳೆಯದು ಎಂದು ಕಾರಣ ಕೊಟ್ಟರಂತೆ. ವಿಜ್ಞಾನ ಓದಿದವರು ಕಾರಣ ಕೊಡಲೇಬೇಕಲ್ಲ.

ಐದನೆಯ ದಿನ ಮಧ್ಯಾಹ್ನ ಹೂವಕ್ಕನ ನಾಡಿ ಇಳಿಯಿತು. ಮೈ ಸುಟ್ಟ ಹಂಚು. ಡಾಕ್ಟರರು ಹೊರಬಂದು, ಹೇಳಲಾಗದು, ಇನ್ನೂ ಎರಡು ಸೂಜಿಮದ್ದು ಕೊಡಬೇಕು ಎಂದರು. ಬಸಲಿಂಗವ್ವ ಎದ್ದು ನಿಂತಳು.

"ಸಾಕು. ಸೂಜಿ ಮುಟ್ಟಿಸಿದ್ದಕ್ಕ ಅವ್ವ ಮುನದಾಳ. ಸಾಯೂದಿದ್ರ ಮನ್ಯಾಗ ಸಾಯಲಿ. ಫಕೀರಾ, ಗಾಡಿ ತಗೊಂಬಾ."

ಫಕೀರಪ್ಪ ಎರಡು ಹೆಜ್ಜೆ ಹೋಗಿ ನಿಂತ. ಹೋಗಲೂ ಆರ, ಬರಲೂ ಆರ. ಆಗ ಎಸ್ತೇರಬಾಯಿ ತಾವು ಯಾರಿಗೂ ಹೇಳಬಾರದೆಂದುಕೊಂಡಿದ್ದ ಮಾತನ್ನು ಹೇಳಿದರು. ಬಸಲಿಂಗವ್ವನ ರಟ್ಟೆ ಹಿಡಿದು ಕೋಣೆಯ ಬಾಗಿಲಿನ ಗಾಜಿನ ಮುಂದೆ ನಿಲ್ಲಿಸಿದರು. "ನನಗ ಕಾಣೂದಿಲ್ಲ ಬೇ. ನಾ ಕಿರಸ್ತಾನದಾಕಿ. ನೀ ನೋಡು. ಆ ಕುರ್ಚಿ ನೋಡು."

ಬಸಲಿಂಗವ್ವ ಗಾಜಿಗೆ ಹಣೆ ಹಚ್ಚಿ ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಅವಳ ಉಸಿರಿನಿಂದ ಗಾಜು ಮಬ್ಬಾಯಿತು, ತಿಳಿಯಾಯಿತು, ಮತ್ತೆ ಮಬ್ಬಾಯಿತು. ಕಂಡ ರೂಪ ಎಂಥದೆಂದು ಅವಳು ಅಂದೂ ಹೇಳಲಿಲ್ಲ, ಸಾಯುವವರೆಗೂ ಹೇಳಲಿಲ್ಲ. ಮೆಲ್ಲಗೆ ನೆಲಕ್ಕೆ ಕುಸಿದು, ಸೆರಗನ್ನು ತಲೆತುಂಬ ಹೊದ್ದುಕೊಂಡು, ಡಾಕ್ಟರರಿಗೆ ಹೇಳಿದಳು:

"ಹಾಕ್ರಿ ಸೂಜಿ. ಎಷ್ಟ ಬೇಕು ಅಷ್ಟ ಹಾಕ್ರಿ. ಆಕಿನ ಕೈ ಮಾಡಿ ಕರ್ಯಾಕತ್ತಾಳ ನಿಮ್ಮನ್ನ."

ಹನ್ನೊಂದನೆಯ ದಿನ ಹೂವಕ್ಕ ಕಣ್ಣು ಬಿಟ್ಟಳು. ಮೈಮೇಲೆ ಎಳೆಗೂಸಿನಂಥ ಹೊಸ ಚರ್ಮ ಮೂಡುತ್ತಿತ್ತು. ಮೊದಲು ಗೋಡೆಯ ಕಡೆ ನೋಡಿ, "ಹೋದ್ಳೇನು?" ಎಂದಳು. ಎಸ್ತೇರಬಾಯಿ ಕುರ್ಚಿಯ ಮೇಲೆ ಕೈಯಿಟ್ಟರು. ಬಿಸಿಲೇ ಬಾರದ ಕೋಣೆ. ಕಬ್ಬಿಣದ ಕುರ್ಚಿ ಜ್ವರದ ಹಣೆಯಂತೆ ಸುಡುತ್ತಿತ್ತು. ಆರಲು ಸಂಜೆಯಾಯಿತು.

ಮುಂದಿನ ಭಾನುವಾರ ಅವರು ಮತ್ತೆ ಗಿರಣಿಗೆ ಹೋದರು. ಅಜ್ಜನವರು ಅದೇ ಗೋಡೆಗೆ ಅದೇ ರೀತಿ ಕುಳಿತಿದ್ದರು. ಎದುರಿಗೆ ಕಲ್ಲಿರಲಿಲ್ಲ. ಈ ಮಧ್ಯೆ ಅಜ್ಜನವರು ಹನ್ನೆರಡು ಮೈಲಿ ನಡೆದು ಆ ಲಾರಿ ಡ್ರೈವರನ ಮನೆಗೆ ಹೋಗಿ, ಹೊಸ್ತಿಲ ಹೊರಗೆ ಕುಳಿತು, ಅವನ ತಾಯಿ ಬೈದದ್ದನ್ನೆಲ್ಲ ಕಡೆಯ ಮಾತಿನವರೆಗೆ ಕೇಳಿಸಿಕೊಂಡು ಬಂದರೆಂಬ ಸುದ್ದಿ ಪಾಳೆಯಲ್ಲಿತ್ತು. ಎಸ್ತೇರಬಾಯಿ ನಮಸ್ಕರಿಸಲು ಬಗ್ಗಿದಾಗ ಅವರ ಕೈ ಕಣ್ಣಿಗೆ ಬಿತ್ತು. ಎರಡೂ ಅಂಗೈಗಳ ಚರ್ಮ ಹೊಸದಾಗಿ ಬಂದಂತೆ ನಸುಗೆಂಪಾಗಿತ್ತು. ಒಂದೇ ಒಂದು ಗೆರೆಯೂ ಇರಲಿಲ್ಲ.

"ಅಜ್ಜಾರ, ಆ ಮುದುಕಿ ಯಾರು?"

"ನಾ ಇಲ್ಲಿಂದ ನೋಡಿದ್ದು ಬೆನ್ನಷ್ಟ," ಎಂದರು ಅಜ್ಜನವರು. ಆಮೇಲೆ ತಮ್ಮ ಪಕ್ಕದ ನೆಲವನ್ನು ಆ ಗೆರೆಯಿಲ್ಲದ ಅಂಗೈಯಿಂದ ಒರೆಸಿದರು. "ಕೂಡ್ರು ತಂಗಿ. ನೀ ನೋಡು. ನಾ ಹೋಗ್ರಿ ಅಂತೀನಿ."

ಅಜ್ಜನವರು ಲಿಂಗೈಕ್ಯರಾಗುವವರೆಗೆ, ಏಳು ವರ್ಷ, ಪ್ರತಿ ಭಾನುವಾರ ಚರ್ಚ್ ಮುಗಿಸಿ ಎಸ್ತೇರಬಾಯಿ ಅಲ್ಲಿ ಹೋಗಿ ಕುಳಿತರು. ಬಂದವರ ಮೈ ನೋಡುವುದು ಅವರ ಕೆಲಸ. ಅವರು ತಲೆಯಾಡಿಸಿದರೆ ಅಜ್ಜನವರು "ಹೋಗ್ರಿ" ಎನ್ನುವರು. ಅಜ್ಜನವರು ಹೋಗೆಂದರೆ ಯಾರೂ ಹಿಂದುಮುಂದು ನೋಡುತ್ತಿರಲಿಲ್ಲ, ನೆಟ್ಟಗೆ ಆಸ್ಪತ್ರೆ. ಪಾದ್ರಿಗಳು ಒಮ್ಮೆ, ಆ ಗಿರಣಿಯಲ್ಲಿ ನಿನಗೇನು ಕೆಲಸ ಎಂದು ಕೇಳಿದರಂತೆ. "ಡ್ಯೂಟಿ," ಎಂದರಂತೆ ಇವರು. ಮೊದಲೆಲ್ಲ ಮಣ್ಣು ಬಳಿದುಕೊಂಡು ಬಂದವರನ್ನು ಬೈಯುತ್ತಲೇ ತಿಕ್ಕಿ ತೊಳೆಯುತ್ತಿದ್ದ ಅವರು, ಅಂದಿನಿಂದ ಯಾರನ್ನೂ ಬೈಯಲಿಲ್ಲ. ನೆನೆಸಿ, ಕಾಯ್ದು, ಬಿಡಿಸುತ್ತಿದ್ದರು.

ಕಥೆ ಮುಗಿಸಿ ಎಸ್ತೇರಬಾಯಿ ನನಗೆ ಹೇಳಿದರು: "ನೀವು ಬರ್ಯಾಕಿ, ಬರೀರಿ. ಕುರ್ಚಿ ಮಾತು ಬರೀರಿ, ಮಂದಿ ಅದಕ್ಕ ಓದ್ತಾರ. ಆದ್ರ ಗುಳಿಗಿ ಸುರು ಮಾಡಿದ ಮ್ಯಾಲ ಮೈಮ್ಯಾಲ ಎದ್ದು, ಜ್ವರಾ ಬಂದು, ಬಾಯಾಗ ಹುಣ್ಣಾಗಿ, ಕಣ್ಣು ಉರಿದು, ಚರ್ಮ ಸರೀತಿದ್ರ ಒಂದು ತಾಸೂ ತಡಾ ಮಾಡಬಾರದು ಅನ್ನೂದು ಬಿಟ್ರಿ ಅಂದ್ರ ಅಜ್ಜಾರ ಆಣಿ ಐತಿ ನಿಮಗ."

ಬಿಟ್ಟಿಲ್ಲ, ಬರೆದಿದ್ದೇನೆ. ಇನ್ನು ಇದು ನಿಮ್ಮ ಕೈಗೆ ಸೇರಿದ್ದು. ನಿಮ್ಮ ಅತ್ತೆಗೆ, ನೆಗೆಣ್ಣಿಗೆ, ಪಕ್ಕದ ಮನೆಯವರಿಗೆ, ಬಸ್ಸಿನಲ್ಲಿ ಜೊತೆಗೆ ಕುಳಿತವರಿಗೆ ಹೇಳಿ. ಅಜ್ಜನವರನ್ನು ನಂಬುವವರಿಗೆ ಅಜ್ಜನವರ ಹೆಸರಿನಲ್ಲಿ ಹೇಳಿ, ನಂಬದವರಿಗೆ ಸಿಸ್ಟರ್ ಹೆಸರಿನಲ್ಲಿ ಹೇಳಿ. ಇವತ್ತೇ ಹೇಳಿ.